ಹಗ್ಗದ ಇನ್ನೊಂದು ತುದಿ

ಗಂಟು ಹಾಕಿದ್ದು ನೆಡ್ರಾಳ ಬೆರಳುಗಳಿಗೆ ಚೆನ್ನಾಗಿ ನೆನಪಿತ್ತು. ಒದ್ದೆ ಹಗ್ಗದ ಒರಟು, ಕುಣಿಕೆಯೊಳಗಿಂದ ತುದಿಯನ್ನು ಮೇಲೆಳೆದು ಹಿಂದಿನಿಂದ ಸುತ್ತಿ ಮತ್ತೆ ಒಳಗೆ ತೂರಿಸಿದ್ದು, ಅಪ್ಪ ಕಲಿಸಿದಂತೆ ಕೊನೆಗೊಂದು ಹೆಚ್ಚಿನ ಸುತ್ತು ಕೊಟ್ಟು ಜಗ್ಗಿ ನೋಡಿದ್ದು, ಜಗ್ಗುವಾಗ ಗಾಳಿಗೆ ಹಾರಿ ಬಂದ ಮರಳು ಹಲ್ಲಿಗೆ ಸಿಕ್ಕಿ ಕರಕರ ಎಂದದ್ದು, ಎಲ್ಲವೂ ನೆನಪಿತ್ತು. ಯಾವುದಕ್ಕೆ ಕಟ್ಟಿದೆ ಎಂಬುದೊಂದೇ ಹೊಳೆಯುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಮರವೇ ಕಾಣುತ್ತಿತ್ತು. ಆದರೆ ಅದು ಯಾವ ಸಂಜೆಯ ಮರ? ಈ ನದಿಯಲ್ಲಿ ಅವಳು ದೋಣಿ ಕಟ್ಟಿದ ಸಂಜೆಗಳಿಗೆ ಲೆಕ್ಕವಿಲ್ಲ. ಈಗ ಬೆಳಗಿನ ಬೂದು ಬೆಳಕಿನಲ್ಲಿ ಬರಿಗಾಲಲ್ಲಿ ನಿಂತು ಅವಳು ದಡದ ಕಾಟನ್‌ವುಡ್ ಮರವನ್ನೇ ನೋಡುತ್ತಿದ್ದಳು. ಅದರ ಬುಡದಲ್ಲಿ ಹಗ್ಗವಿರಲಿಲ್ಲ. ದೋಣಿ ಎಳೆದ ಗುರುತು ಮರಳಿನ ಮೇಲಿರಬೇಕಾದ ಕಡೆ ಕೆಂಪು ನೀರು ನಿಂತಿತ್ತು. ರಾತ್ರಿ ನದಿ ಏರಿತೋ ಇಳಿಯಿತೋ ತಿಳಿಯಲೆಂದು ಮಲಗುವ ಮುಂಚೆ ನೀರಿನ ಅಂಚಿಗೆ ನೆಟ್ಟಿದ್ದ ಕಡ್ಡಿ ಮುಳುಗಿ ಕಾಣದಾಗಿತ್ತು. ಮೇಲೆಲ್ಲೋ ಮಳೆಯಾಗಿದೆ, ನದಿ ಬಂದಿದೆ, ಬಂದು ಎರಡು ದೋಣಿಗಳನ್ನೂ ತೆಗೆದುಕೊಂಡು ಹೋಗಿದೆ.

ಕೂಗಬೇಕಿತ್ತು. ಕೂಗಲಿಲ್ಲ. ಆಮೇಲೆ ನೆನೆದು ನಾಚಿಕೊಂಡ ಕೆಲಸವನ್ನೇ ಆಗ ಮಾಡಿದಳು: ಒಲೆ ಹಚ್ಚಿ ಕಾಫಿಗೆ ನೀರಿಟ್ಟಳು. ನೀರು ಕುದಿಯುವಷ್ಟರಲ್ಲಿ ನೆನಪಾದೀತು, ಮರದ ಆ ಕಡೆ ಕಟ್ಟಿದ್ದೆ, ಬಂಡೆಯ ಹಿಂದೆ ಎಳೆದು ಇಟ್ಟಿದ್ದೆ, ನಾನೊಬ್ಬಳು ಹುಚ್ಚಿ ಎಂದು ನಕ್ಕು ಎಲ್ಲರನ್ನೂ ಎಬ್ಬಿಸಬಹುದು ಎಂದು ಕಾದಳು. ನೀರು ಕುದಿಯಿತು. ಏನೂ ನೆನಪಾಗಲಿಲ್ಲ. ಬದಲಿಗೆ ಅಮ್ಮ ನೆನಪಾದಳು. ಚರ್ಚಿನ ಊಟಕ್ಕೆ ಅಮ್ಮ ಮಾಡಿ ತಂದ ಆಲೂಗಡ್ಡೆಯ ದೊಡ್ಡ ತಟ್ಟೆ, ಮೇಲೆ ಗರಿಗರಿ ಚಕ್ಕೆ, ಒಳಗೆ ಉಪ್ಪಿನ ಬದಲು ಸಕ್ಕರೆ. 'ಉಪ್ಪು ಹಾಕಿದೆ ಕಣೇ, ನನ್ನ ಕೈಯಾರೆ ಹಾಕಿದೆ,' ಎಂದು ಅಮ್ಮ ಎಷ್ಟು ಖಾತ್ರಿಯಿಂದ ಹೇಳಿದಳೆಂದರೆ ನೆಡ್ರಾ ತನ್ನ ನಾಲಿಗೆಯನ್ನೇ ಅನುಮಾನಿಸಿದ್ದಳು. ಊರಿನ ಹೆಂಗಸರೆಲ್ಲ ಮುಖ ಕಿವಿಚದೆ ತಿಂದರು. ಚೆನ್ನಾಗಿದೆ ಎಂದರು. ಅಡುಗೆಯ ವಿಷಯದಲ್ಲಿ ಒಬ್ಬರನ್ನೊಬ್ಬರು ಹುರಿದು ಮುಕ್ಕುತ್ತಿದ್ದ ಹೆಂಗಸರು ಅವತ್ತು ಅಮ್ಮನ ಬೆನ್ನು ಸವರಿ, ಕೈ ಹಿಡಿದು ಕುರ್ಚಿಗೆ ಕೂರಿಸಿದರು. ಅಮ್ಮ ಕೈತಪ್ಪಿ ಹೋದದ್ದು ಅವತ್ತೇ ಎಂದು ನೆಡ್ರಾಳಿಗೆ ಈಗಲೂ ಅನ್ನಿಸುತ್ತದೆ. ಆಮೇಲೆ ಅವಳನ್ನು ಯಾರೂ ಬೈಯಲಿಲ್ಲ.

ಹಾಗಾಗಿ ಬೆರಳಿನ ನೆನಪನ್ನು ನಂಬುವಂತಿರಲಿಲ್ಲ. ಹೋದ ತಿಂಗಳು ಅನ್ನ ಬಸಿಯುವ ಜಾಲರಿಯ ಹೆಸರು ಬಾಯಿಗೆ ಬಾರದೆ ಅಂಗಡಿಯಲ್ಲಿ ಕೈ ಆಡಿಸಿ ತೋರಿಸಿದ್ದಳು. ಬಸ್ಸು ಹತ್ತಿದ ಹುಡುಗಿಯನ್ನು ಅವಳ ಅಕ್ಕನ ಹೆಸರಿನಿಂದ ಕರೆದಿದ್ದಳು; ಹುಡುಗಿ ನಕ್ಕಿತ್ತು, ಇವಳಿಗೆ ನಗು ಬಂದಿರಲಿಲ್ಲ. ಊರಿನ ಶಾಲೆಯ ಬಸ್ಸು ಓಡಿಸುವವಳು ಅವಳು. ಹಿಮ ಬಿದ್ದ ಘಟ್ಟದ ರಸ್ತೆಯಲ್ಲಿ, ಹಿಂದೆ ನಲವತ್ತು ಮಕ್ಕಳನ್ನು ಕೂರಿಸಿಕೊಂಡು, ಹ್ಯಾಂಡ್‌ಬ್ರೇಕ್ ಹಾಕಿದೆ, ನನ್ನ ಕೈಯಾರೆ ಹಾಕಿದೆ ಎಂದು ಖಾತ್ರಿಯಿಂದ ಹೇಳುವ ದಿನ ಬಂದರೆ? ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತೇ ಅವಳು ನಿಶ್ಚಯ ಮಾಡಿಬಿಟ್ಟಳು. ಸೋಮವಾರ ಶಾಲೆಗೆ ಹೋಗಿ ಬಸ್ಸಿನ ಕೀಲಿ ಒಪ್ಪಿಸಿಬಿಡುವುದು. ಕಾರಣ ಕೇಳಿದರೆ ಬೆನ್ನುನೋವು ಎನ್ನುವುದು.

'ದೋಣಿ ಎಲ್ಲೇ?'

ಟೆಂಟಿನಿಂದ ತಲೆ ಹೊರಹಾಕಿದವಳು ಟ್ರೂಡಿ. ಒಂದನೇ ತರಗತಿಯಿಂದ ಜೊತೆಗಾತಿ, ಊರಿನ ವೃದ್ಧಾಶ್ರಮದಲ್ಲಿ ನರ್ಸು, ಬಾಯಿ ಬಿಟ್ಟರೆ ಬೈಗುಳ. ಕೂದಲು ಕೆದರಿ ನಾಲ್ಕೂ ದಿಕ್ಕಿಗೆ ನಿಂತಿತ್ತು.

'ಇಲ್ಲ,' ಎಂದಳು ನೆಡ್ರಾ.

'ಇಲ್ಲ ಅಂದ್ರೆ?'

'ಇಲ್ಲ ಅಂದ್ರೆ ಇಲ್ಲ. ನೀರು ಬಂದಿದೆ ರಾತ್ರಿ. ಹೋಗಿವೆ.'

ಇನ್ನೊಂದು ಟೆಂಟಿನಿಂದ ವೆರ್ಲ್ ಪ್ಯಾಂಟಿನ ಗುಂಡಿ ಹಾಕಿಕೊಳ್ಳುತ್ತಲೇ ಹೊರಗೆ ಬಂದ, ಅವನ ಹಿಂದೆ ಹೆಂಡತಿ ಐಲೀನ್. ವೆರ್ಲ್ ಶಾಲೆಯಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು. ಇಡೀ ಜಿಲ್ಲೆಯ ಗಂಡಸರ ಬೆರಳುಗಳು ಇನ್ನೂ ಕೈಯಲ್ಲಿ ಉಳಿದಿದ್ದರೆ ಅದು ತನ್ನ ಬೈಗುಳದ ಪುಣ್ಯ ಎಂದುಕೊಂಡವನು. ನದಿಯ ಮೇಲೂ ಅವನದೇ ಕಾನೂನು. ಮೊದಲು ದಡ ಸೇರಿದವರು ತಮ್ಮ ದೋಣಿಯನ್ನು ಬೇರಿರುವುದಕ್ಕೆ, ಅಂದರೆ ಮರಕ್ಕೆ, ಕಟ್ಟಬೇಕು, ಆಮೇಲೆ ಬಂದವರು ಅವರ ದೋಣಿಗೆ ತಮ್ಮದನ್ನು ಕಟ್ಟಬೇಕು. ಹಾಗೆ ಮಾಡಿದರೆ ಒಂದು ಮರ ಸಾಕು, ಹಗ್ಗಗಳು ಕಾಲಿಗೆ ತೊಡರುವುದಿಲ್ಲ. ಪ್ರತಿ ವರ್ಷ ಕಲ್ಲಂಗಡಿ ಸುಗ್ಗಿ ಮುಗಿದ ಮೇಲೆ ಈ ನಾಲ್ವರು ನದಿಗಿಳಿಯುವಾಗ ಅವನು ಇದನ್ನು ಮೊದಲ ಸಲ ಹೇಳುವವನ ಹಾಗೆ ಹೇಳುತ್ತಿದ್ದ. ಟ್ರೂಡಿ ಅವನ ಹಿಂದೆ ನಿಂತು ಬಾಯಿ ಆಡಿಸುತ್ತಿದ್ದಳು.

ನೀರನ್ನು ನೋಡಿ, ಮರವನ್ನು ನೋಡಿ, ವೆರ್ಲ್ ಗುಡುಗುತ್ತಾನೆಂದು ನೆಡ್ರಾ ಕಾದಳು. ಅವನು ಗುಡುಗಲಿಲ್ಲ. ಕೆನ್ನೆಯನ್ನು ಒಳಗಿನಿಂದ ಕಚ್ಚಿಕೊಂಡ.

'ನಾನು ಕಟ್ಟಿದ್ದೆ,' ಎಂದಳು ನೆಡ್ರಾ. 'ನನ್ನ ಕೈಯಾರೆ ಕಟ್ಟಿದ್ದೆ.' ಹೇಳಿದ ಮೇಲೆ ಆ ಮಾತು ಯಾರದೆಂದು ಗೊತ್ತಾಗಿ ಅವಳ ಕಿವಿ ಬಿಸಿಯಾಯಿತು.

ವೆರ್ಲ್ ನೆಲ ನೋಡಿದ. ಟ್ರೂಡಿ ಮೆಲ್ಲಗೆ ಹತ್ತಿರ ಬಂದಳು. ಬಂದು ನೆಡ್ರಾಳ ಮೊಣಕೈ ಹಿಡಿದಳು. 'ಪರವಾಗಿಲ್ಲಮ್ಮ. ಯಾರಿಗಾದ್ರೂ ಆಗುತ್ತೆ. ನೀನು ಕೂತ್ಕೋ, ಕಾಫಿ ನಾನು ಸೋಸ್ತೀನಿ.'

ಅಮ್ಮ! ಟ್ರೂಡಿ ಅವಳನ್ನು ಕತ್ತೆ ಎಂದಿದ್ದಾಳೆ, ಕೋಣ ಎಂದಿದ್ದಾಳೆ, ಮದುವೆಯ ದಿನ ಬಿಳಿ ಬಟ್ಟೆಯ ಮೇಲೆ ಸಾರು ಚೆಲ್ಲಿಕೊಂಡಾಗ ಎಲ್ಲರ ಎದುರು ಹಂದಿ ಎಂದಿದ್ದಾಳೆ. ಇಷ್ಟು ವರ್ಷಗಳಲ್ಲಿ ಅಮ್ಮ ಎಂದಿರಲಿಲ್ಲ. ಆ ದನಿಯನ್ನು ನೆಡ್ರಾ ಕೇಳಿದ್ದು ಒಂದೇ ಕಡೆ, ವೃದ್ಧಾಶ್ರಮದ ಉದ್ದನೆಯ ಕಾರಿಡಾರಿನ ಕೊನೆಯ ಕೋಣೆಯಲ್ಲಿ, ಅಮ್ಮನ ಹಾಸಿಗೆಯ ಪಕ್ಕ. ಪರವಾಗಿಲ್ಲಮ್ಮ, ಚೆಲ್ಲಿದರೆ ಚೆಲ್ಲಲಿ. ಪರವಾಗಿಲ್ಲಮ್ಮ, ಇವಳು ನಿಮ್ಮ ಮಗಳು. ಮೊಣಕೈ ಹಿಡಿಯುವ ರೀತಿಯೂ ಅದೇ, ಬಿದ್ದರೆ ಆತುಕೊಳ್ಳಲು ಅನುವಾಗುವಂತೆ ಹೆಬ್ಬೆರಳು ಒಳಮುಖವಾಗಿ. ಟ್ರೂಡಿಗೆ ಗೊತ್ತಾಗಿದೆ. ಇಂಥದ್ದನ್ನು ದಿನಾ ನೋಡುವವಳಿಗೆ ಗೊತ್ತಾಗದೆ ಇರುತ್ತದೆಯೇ? ಬಹುಶಃ ಬಹಳ ದಿನಗಳಿಂದಲೇ ಗೊತ್ತಿದೆ, ಇವಳಿಗೆ ನೋವಾಗಬಾರದೆಂದು ಸುಮ್ಮನಿದ್ದಾಳೆ. ಮೂವರೂ ಟೆಂಟುಗಳಲ್ಲಿ ಪಿಸುಗುಟ್ಟಿ ಮಾತಾಡಿಕೊಂಡಿರಲೂ ಸಾಕು. ನೆಡ್ರಾ ಕೂತಳು. ಕಾಫಿ ಕೈಗೆ ಬಂತು, ಅದೂ ಅರ್ಧ ಲೋಟ, ಚೆಲ್ಲದ ಹಾಗೆ.

ಕೆಲಸಗಳು ಅವಳನ್ನು ಬಿಟ್ಟು ನಡೆಯತೊಡಗಿದವು. ಕುಡಿಯುವ ನೀರಿನ ಕ್ಯಾನುಗಳು ದೋಣಿಯೊಂದಿಗೆ ಹೋಗಿದ್ದವು. ಇದ್ದದ್ದು ನಿನ್ನೆ ಪಟಿಕ ಹಾಕಿ ಇಟ್ಟಿದ್ದ ಒಂದು ಬಕೆಟ್ಟು. ಕೆಳಗೆ ಕೆಂಪು ಮಣ್ಣು ಕೂತು ಮೇಲೆ ನೀರು ತಿಳಿಯಾಗಿತ್ತು. ಅದನ್ನು ಕಲಕದೆ ಸೌಟಿನಲ್ಲಿ ಮೊಗೆಯುವುದು ಯಾವಾಗಲೂ ನೆಡ್ರಾಳ ಕೆಲಸ, ಅವಳಷ್ಟು ಗಟ್ಟಿ ಕೈ ಉಳಿದವರಿಗಿಲ್ಲ. ಸೌಟಿಗೆ ಕೈ ಚಾಚಿದಳು. 'ಇರಲಿ ಬಿಡು, ನಾನು ಮಾಡ್ತೀನಿ,' ಎಂದು ಐಲೀನ್ ಸೌಟನ್ನು ತಾನೇ ತೆಗೆದುಕೊಂಡು, ಮೊದಲ ಮೊಗೆತದಲ್ಲೇ ಮಣ್ಣೆಬ್ಬಿಸಿದಳು. ಕೆಂಪು ಎಳೆಯೊಂದು ತಿಳಿನೀರಿನಲ್ಲಿ ಸುರುಳಿ ಸುರುಳಿಯಾಗಿ ಮೇಲೇರುವುದನ್ನು ನೆಡ್ರಾ ನೋಡುತ್ತ ಕೂತಳು.

ದಾರಿ ಹೊಳೆದದ್ದು ಮಾತ್ರ ಐಲೀನಳಿಗೇ. ಟೆಂಟುಗಳ ಹಿಂದಿದ್ದ ಗುಡ್ಡಕ್ಕೆ ಬಂದು ತಾಗಿದ ನದಿ ಅದನ್ನು ಪೂರ್ತಿ ಸುತ್ತು ಹಾಕಿ, ಹುಟ್ಟು ಹಾಕುವವರಿಗೆ ಬೆಳಿಗ್ಗೆಯೆಲ್ಲ ಹಿಡಿಸಿ, ಕೊನೆಗೆ ಅದೇ ಗುಡ್ಡದ ಬೆನ್ನ ಹಿಂದೆ ಬಂದು ಹರಿಯುತ್ತಿತ್ತು. ಗುಡ್ಡದ ನಡುವೆ ಎತ್ತರ ಕಡಿಮೆಯಿದ್ದ ತಗ್ಗನ್ನು ಹತ್ತಿ ಇಳಿದರೆ ನಡೆದು ಹೋಗುವವರೇ ನದಿಗಿಂತ ಮುಂದೆ.

'ಖಾಲಿ ದೋಣಿ ಅಲ್ಲಲ್ಲಿ ಸಿಕ್ಕೊಂಡು ನಿಧಾನವಾಗಿ ಬರುತ್ತೆ,' ಎಂದಳು ಐಲೀನ್. 'ಹತ್ತಿ ಇಳಿದು ಆ ಕಡೆ ಕಾಯಿರಿ. ಇನ್ನೂ ದಾಟಿರಲಿಕ್ಕಿಲ್ಲ.'

'ದಾಟಿದ್ರೆ?' ಟ್ರೂಡಿ ಕೇಳಿದಳು.

'ದಾಟಿದ್ರೆ ಮೆಕ್ಸಿಕೋದಲ್ಲಿ ಯಾರಾದ್ರೂ ಹಿಡ್ಕೋತಾರೆ. ವೆರ್ಲ್, ಸುಮ್ನೆ ನಿಂತ್ಕೊಂಡು ಏನ್ ಮಾಡ್ತಿದ್ದೀಯ ಮಾರಾಯ? ಹೊರಡು!'

'ನಾನೂ ಹೋಗ್ತೀನಿ,' ಎಂದಳು ನೆಡ್ರಾ. ಯಾರನ್ನೂ ಎಬ್ಬಿಸದೆ ಕಾಫಿ ಕಾಯಿಸುತ್ತ ಕೂತ ಹೊತ್ತು ಅವಳನ್ನು ಚುಚ್ಚುತ್ತಿತ್ತು. ಆ ಹೊತ್ತಿನಲ್ಲೇ ದೋಣಿಗಳು ದಾಟಿಹೋಗಿದ್ದರೆ? ಟ್ರೂಡಿ, ಐಲೀನ್ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದನ್ನು ನೋಡದವಳ ಹಾಗೆ ನೆಡ್ರಾ ಕೊಂಬೆಯಲ್ಲಿ ಒಣಗಲು ಹಾಕಿದ್ದ ಲೈಫ್ ಜಾಕೆಟ್ ಎಳೆದುಕೊಂಡಳು. ಬಟ್ಟೆ ಹಾಕಲು ಮರದಿಂದ ಮರಕ್ಕೆ ಬಿಗಿದಿದ್ದ ಉದ್ದ ಹಗ್ಗ ಬೇಕಾಗುತ್ತದೆ. ಅದರ ಗಂಟು ಬಿಗಿದುಕೊಂಡಿತ್ತು. ಚಾಕುವಿನ ಮೊನೆಯಿಂದ ಎಬ್ಬಿಸಿ ಬಿಡಿಸಿದಳು, ಚಾಕುವನ್ನು ಮರಕ್ಕೇ ಚುಚ್ಚಿ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡಳು. 'ವೆರ್ಲ್, ಅವಳನ್ನ ಸ್ವಲ್ಪ ನೋಡ್ಕೋ,' ಎಂದು ಟ್ರೂಡಿ ಹಿಂದಿನಿಂದ ಮೆತ್ತಗೆ ಹೇಳಿದ್ದು ಕೇಳಿಸಿತು.

ಏರು ಕಡಿದಾಗಿತ್ತು. ಬಿಸಿಲು ಎದುರು ಗೋಡೆಯ ಮೇಲಿನಿಂದ ಇಳಿದು ಬರುತ್ತಿತ್ತು. ವೆರ್ಲ್ ಮುಂದೆ, ಅವಳು ಹಿಂದೆ. ನದಿಯ ಮೇಲೆ ಮಾತು ನಿಲ್ಲಿಸದ ಮನುಷ್ಯ, ಕಲ್ಲಿನ ಒಂದೊಂದು ಪದರಕ್ಕೂ ಒಂದೊಂದು ಭಾಷಣ ಮಾಡುವವನು, ಈಗ ತುಟಿ ಬಿಗಿದುಕೊಂಡು ನಡೆಯುತ್ತಿದ್ದ. ಅಲ್ಲಲ್ಲಿ ನಿಂತು ಬಂಡೆಗೆ ಕೈ ಊರಿ ಉಸಿರು ಬಿಗಿ ಹಿಡಿಯುತ್ತಿದ್ದ. ನನಗಾಗಿ ನಿಲ್ಲುತ್ತಿದ್ದಾನೆ ಎಂದುಕೊಂಡಳು ನೆಡ್ರಾ. ಅವಳು ತನ್ನನ್ನೇ ಪರೀಕ್ಷೆಗೆ ಕೂರಿಸಿಕೊಂಡಿದ್ದಳು. ಬಸ್ಸಿನ ನಿಲ್ದಾಣಗಳು: ಮೊದಲು ಕುರಿದೊಡ್ಡಿಯ ತಿರುವು, ಅಲ್ಲಿ ಹತ್ತುವ ಅಣ್ಣತಮ್ಮಂದಿರು ಕೆಲ್ಬಿ ಮತ್ತು ರೋಯ್ಸ್, ಆಮೇಲೆ ಹಳೆಯ ಗಣಿಯ ಗೇಟು, ಕನ್ನಡಕದ ಹುಡುಗಿ ಮಾರ್ಲಾ, ಅವಳ ಕೈಯಲ್ಲಿ ಯಾವಾಗಲೂ ಏನಾದರೊಂದು ಪ್ರಾಣಿ, ಆಮೇಲೆ ಸೇತುವೆ. ಹೆಸರುಗಳು ಒಂದೊಂದಾಗಿ ಬಂದವು. ಬಂದದ್ದಕ್ಕೆ ಸಂತೋಷವಾಗಲಿಲ್ಲ, ಏಕೆಂದರೆ ಅಮ್ಮನಿಗೂ ಕೊನೆಯವರೆಗೆ ತಾನು ಓದಿದ ತರಗತಿಯ ಹಾಜರಿ ಪಟ್ಟಿ ಬಾಯಿಪಾಠವಿತ್ತು. ದಾರಿಯ ಪಕ್ಕ ಒಂದು ಗಿಡ ಮೈತುಂಬ ಹಳದಿ ಹೂ ಬಿಟ್ಟು ನಿಂತಿತ್ತು. ಹುಟ್ಟಿದಾಗಿನಿಂದ ನೋಡಿದ ಗಿಡ, ಮನೆಯ ಹಿಂದೆ ರಾಶಿ ರಾಶಿ, ಅಕ್ಟೋಬರಿನ ಸೀನೆಲ್ಲ ಅದರದೇ. ಅದರ ಹೆಸರು? ನೆಡ್ರಾ ನಿಂತುಬಿಟ್ಟಳು. ನಾಲಿಗೆಯ ತುದಿಯಲ್ಲೂ ಇರಲಿಲ್ಲ. ಹೆಸರು ಇರಬೇಕಾದ ಜಾಗದಲ್ಲಿ ನುಣುಪಾದ ಖಾಲಿ.

'ಏನಾಯ್ತು?' ವೆರ್ಲ್ ತಿರುಗಿ ಕೇಳಿದ.

'ಏನಿಲ್ಲ. ನಡಿ.'

ತಗ್ಗಿನ ನೆತ್ತಿಯಲ್ಲಿ ನಿಂತರೆ ಎರಡೂ ಕಡೆ ಅದೇ ನದಿ. ಬಲಗಡೆ ಕೆಳಗೆ ಎರಡು ಟೆಂಟುಗಳು, ಟ್ರೂಡಿಯ ನೀಲಿ ಟೋಪಿ ಅತ್ತಿಂದಿತ್ತ ಓಡಾಡುತ್ತಿತ್ತು. ಎಡಗಡೆ ಕೆಳಗೆ ಅದೇ ಕೆಂಪು ನೀರು, ಸುತ್ತು ಮುಗಿಸಿ ಬಂದದ್ದು, ಖಾಲಿ. ಕಣ್ಣು ಹಾಯುವವರೆಗೂ ದೋಣಿಯಿಲ್ಲ. ದಾಟಿದವೋ, ಬರಬೇಕೋ, ನೀರನ್ನು ನೋಡಿದರೆ ಹೇಳಲಾಗುತ್ತಿರಲಿಲ್ಲ. ಇಬ್ಬರೂ ಆ ಕಡೆ ಇಳಿದು, ಗೋಡೆಯ ನೆರಳಿನಲ್ಲಿ ಮರಳಿನ ಮೇಲೆ ಕೂತು ಕಾಯತೊಡಗಿದರು. ಅವಳ ಕೆಲಸವೇ ಇದು, ಬರದ ಮಕ್ಕಳಿಗಾಗಿ ಎಂಜಿನ್ ಓಡಿಸುತ್ತ ತಿರುವನ್ನು ನೋಡುವುದು. ಬಾಗಿಲು ತೆರೆದು ಓಡಿ ಬರುವ ಮಗುವೊಂದು ಯಾವತ್ತೂ ಬಂದೇ ಬಂದಿದೆ.

'ವೆರ್ಲ್,' ಎಂದಳು. 'ಸೋಮವಾರ ಕೀಲಿ ಕೊಟ್ಟುಬಿಡ್ತೀನಿ.'

'ಯಾವ ಕೀಲಿ?'

'ಬಸ್ಸಿಂದು.' ಆಮೇಲೆ ತಡೆಯಲಾಗಲಿಲ್ಲ. 'ನನ್ನಮ್ಮನಿಗೆ ಹೇಗೆ ಶುರುವಾಯ್ತು ಅಂತ ನೀನೇ ನೋಡಿದ್ದೀಯಲ್ಲ. ಹೀಗೇ. ಮಾಡಿದೆ, ಮಾಡಿದೆ ಅಂತಿದ್ಲು. ನನಗೆ ಆ ಗಂಟು ಹಾಕಿದ್ದು ಈಗ್ಲೂ ಕೈಯಲ್ಲಿದೆ ಕಣೋ. ನೋಡಿದ್ರೆ ಮರಕ್ಕೆ ಹಗ್ಗವೇ ಇಲ್ಲ. ಮಕ್ಕಳನ್ನ ಕೂರಿಸ್ಕೊಂಡು ಓಡಿಸೋಳು ನಾನು. ಒಂದು ದೋಣಿ ಕಟ್ಟೋಕೆ ಬರಲ್ಲ ಅಂದ್ರೆ...'

ವೆರ್ಲ್‌ನ ಮುಖ ಸೊಟ್ಟಗಾಯಿತು. ಬಾಯಿ ತೆರೆದ. 'ನೆಡ್ರಾ, ನಿನ್ನೆ ಸಂಜೆ...' ಎಂದವನು ಅಲ್ಲಿಗೇ ನಿಲ್ಲಿಸಿ, ಮರಳನ್ನು ಮುಷ್ಟಿಯಲ್ಲಿ ಹಿಡಿದು ಸುರಿದ. 'ಒಂದು ದೋಣಿಗೆಲ್ಲ ಯಾರಾದ್ರೂ ಕೆಲಸ ಬಿಡ್ತಾರೇನೇ?' ಎಂದಷ್ಟೇ ಹೇಳಿದ. ಅದೂ ಮೆತ್ತಗೆ. ಅವನೂ ಮೆತ್ತಗಾದ ಎಂದು ನೆಡ್ರಾಳಿಗೆ ಅಳು ಬಂತು. ಬೈಯಬಾರದೇ ಈ ಮನುಷ್ಯ? ಬೇರಿರುವುದಕ್ಕೆ ಕಟ್ಟು ಅಂತ ಬಡ್ಕೊಂಡೆನಲ್ಲ ಎಂದು ಕೂಗಬಾರದೇ?

ಆಗ ತಿರುವಿನಲ್ಲಿ ಏನೋ ಹಳದಿ ಕಂಡಿತು.

ಮೊದಲು ಒಂದು ಹಳದಿ ಮೂತಿ, ಅದರ ಪಕ್ಕ ಕೆಂಪು. ಎರಡೂ ಒಟ್ಟಿಗೇ ಬರುತ್ತಿದ್ದವು. ಗಾಣದ ಎತ್ತುಗಳಂತೆ ಒಂದನ್ನೊಂದು ಸುತ್ತುತ್ತ, ಯಾವ ಆತುರವೂ ಇಲ್ಲದೆ, ಹೊಳೆಯ ನಟ್ಟನಡುವೆ.

'ಬಂದ್ವು!' ವೆರ್ಲ್ ಕೂಗಿ ಎದ್ದವನು ಹೊಟ್ಟೆ ಹಿಡಿದುಕೊಂಡು ಅರ್ಧಕ್ಕೇ ಬಗ್ಗಿದ. 'ಅಯ್ಯೋ... ನನ್ನ ಕೈಲಿ ಈಜೋಕೆ ಆಗಲ್ಲ ಕಣೇ.'

'ನಿನ್ನ ಯಾರು ಕೇಳಿದ್ರು? ಹಗ್ಗ ಹಿಡ್ಕೋ!' ಬೆಳಗಿನಿಂದ ಮೊದಲ ಸಲ ಅವಳ ದನಿ ಬಸ್ಸಿನ ದನಿಯಾಗಿತ್ತು. ಹಗ್ಗದ ಒಂದು ತುದಿ ಅವನ ಸೊಂಟಕ್ಕೆ, ಇನ್ನೊಂದು ತನ್ನ ಜಾಕೆಟಿನ ಬೆನ್ನಿಗಿದ್ದ ಲೋಹದ ಬಳೆಗೆ. ದೋಣಿಗಳು ಎದುರಿಗೆ ಬರುವ ಮುಂಚೆಯೇ ನೀರಿಗೆ ಬಿದ್ದಳು. ತಣ್ಣಗೆ ಕೊರೆಯುವ ನೀರು, ಬಾಯಿಗೆ ಮಣ್ಣಿನ ರುಚಿ. ಅಡ್ಡಕ್ಕೆ ಈಜಿದಳು, ನದಿ ಅವಳನ್ನು ಕೆಳಕ್ಕೆ ಒಯ್ಯಲಿ ಎಂದು ಬಿಟ್ಟು, ಲೆಕ್ಕ ಹಾಕದೆ, ಮೈಗೆ ಗೊತ್ತಿದ್ದಂತೆ. ಒಂದು ಸಲ ಕೈ ಚಾಚಿದಾಗ ಕೆಂಪು ದೋಣಿಯ ಹೊಟ್ಟೆ ಜಾರಿತು. ಎರಡೂ ಸುತ್ತಿ ದೂರವಾದವು. ಹೋಯಿತು ಎಂದುಕೊಂಡಳು. ಸುತ್ತು ಮುಗಿಸಿ ಹಳದಿಯದು ತಾನಾಗಿ ಅವಳ ಕಡೆ ಮೂತಿ ತಿರುಗಿಸಿತು, ಅವುಗಳ ನಡುವೆ ಬಿಗಿದಿದ್ದ ಹಗ್ಗ ಅವಳ ಎದೆಗೆ ಬಂದು ತಾಗಿತು. ಹಿಡಿದಳು. ಹಿಡಿದದ್ದನ್ನು ಬಿಡದೆ ಅದರ ಮೇಲೇ ಕೈ ಸರಿಸುತ್ತ ಹೋದಳು. ಹಗ್ಗ ಕೊನೆಯಾದ ಕಡೆ ಬೆರಳಿಗೆ ಗಂಟು ಸಿಕ್ಕಿತು.

ಕುಣಿಕೆಯೊಳಗಿಂದ ಬಂದ ತುದಿ, ಹಿಂದಿನಿಂದ ಸುತ್ತಿದ ಸುತ್ತು, ಕೊನೆಯಲ್ಲಿ ಅಪ್ಪನ ಹೆಚ್ಚಿನದು. ಅವಳದೇ ಗಂಟು. ಹಳದಿ ಅವಳ ದೋಣಿಯಲ್ಲ. ಅವಳದು ಕೆಂಪು. ಅವಳ ಗಂಟು ವೆರ್ಲ್‌ನ ದೋಣಿಯ ಮೂತಿಯ ಬಳೆಯಲ್ಲಿತ್ತು.

ನೀರಿನಲ್ಲೇ ಅವಳಿಗೆ ಸಂಜೆ ಪೂರ್ತಿ ವಾಪಸ್ಸು ಬಂತು. ಟ್ರೂಡಿ ಕೊಕ್ಕರೆಗಳನ್ನು ನೋಡುತ್ತ ತಡಮಾಡಿದ್ದು, ತಾವು ಬರುವಷ್ಟರಲ್ಲಿ ಹಳದಿ ದೋಣಿ ಆಗಲೇ ದಡದ ಮೇಲಿದ್ದದ್ದು, ಗಾಳಿ, ಕಣ್ಣಿಗೆ ಮರಳು, ಮೊದಲು ಬಂದವರು ವೆರ್ಲ್, ಅವರು ಮರಕ್ಕೆ ಕಟ್ಟಿರುತ್ತಾರೆ, ನಾನು ಅವರ ದೋಣಿಗೆ ಕಟ್ಟಬೇಕು. ಕಾನೂನಿನ ಪ್ರಕಾರ ಕಟ್ಟಿದ್ದಳು. ಕೈ ಹೇಳಿದ್ದು ನಿಜ.

ದಡದಿಂದ ವೆರ್ಲ್ ಎಳೆದ. ನದಿ ಮೂವರನ್ನೂ, ಅವಳನ್ನು ಮತ್ತು ಎರಡು ದೋಣಿಗಳನ್ನು, ನಿಧಾನವಾಗಿ ದಡದ ನಿಂತ ನೀರಿಗೆ ತಂದು ಬಿಟ್ಟಿತು. ಸೊಂಟದಾಳದಲ್ಲಿ ನಿಂತು ಅವಳು ಇನ್ನೊಂದು ಹಗ್ಗವನ್ನು ಎತ್ತಿ ಹಿಡಿದಳು. ವೆರ್ಲ್‌ನ ದೋಣಿಯ ಹಗ್ಗ. ಅದರ ತುದಿ ಅವಳ ಕೆಂಪು ದೋಣಿಯ ಹಿಂಬದಿಯ ಬಳೆಗೆ ಕಟ್ಟಿತ್ತು, ಮರಗೆಲಸದ ಮೇಷ್ಟರ ಚೊಕ್ಕ ಗಂಟು, ಎಲ್ಲೂ ಒಂದು ಎಳೆ ಸಡಿಲವಿಲ್ಲದ್ದು.

'ಇದೇನಿದು?' ಎಂದಳು ನೆಡ್ರಾ.

ವೆರ್ಲ್ ಹಗ್ಗವನ್ನು ನೋಡಿದ. ಅದರ ಇನ್ನೊಂದು ತುದಿಯನ್ನು ನೋಡಿದ. ಅವನ ಕುತ್ತಿಗೆಯಿಂದ ಕೆಂಪು ಮೇಲೇರಿ ಕಿವಿ ಮುಟ್ಟಿತು.

'ನೀನು ನನ್ನ ದೋಣಿಗೆ ಕಟ್ಟಿದ್ಯಾ?'

'ಮೊದಲು ಬಂದೋನು ನೀನು! ಮರಕ್ಕೆ ಕಟ್ಟಿಲ್ವಾ?'

'ಹೊಟ್ಟೆ ಕೆಟ್ಟಿತ್ತು ಕಣೇ,' ಎಂದ ವೆರ್ಲ್. 'ಐಲೀನ್ ಬೇಡ ಬೇಡ ಅಂದ್ರೂ ಆ ಮೊಟ್ಟೆಯ ಸಲಾಡ್ ತಿಂದಿದ್ದೆ. ದಡ ಮುಟ್ಟೋದ್ರೊಳಗೆ ಪ್ರಾಣ ಹೋಗ್ತಿತ್ತು. ಈ ನದಿ ದಡದಲ್ಲಿ ಪೊದೆ ಹಿಂದೆ ಹೋಗೋ ಹಾಗಿಲ್ವಲ್ಲ, ಮಾಡಿದ್ದನ್ನೂ ಹೊತ್ಕೊಂಡೇ ಹೋಗಬೇಕು ಅಂತ ಸರ್ಕಾರದ ಕಾನೂನು, ಆ ಹಾಳು ಪಾಯಿಖಾನೆ ಪೆಟ್ಟಿಗೆ ಬಿಚ್ಚಿ ನಿಲ್ಲಿಸಬೇಕು. ದೋಣಿ ಎಳೆದು ಹಾಕಿ ಪೆಟ್ಟಿಗೆ ಹೊತ್ಕೊಂಡು ಓಡಿದೆ. ವಾಪಸ್ ಬಂದು ನೋಡಿದ್ರೆ ನಿನ್ನ ದೋಣಿ ಇತ್ತು. ನೆಡ್ರಾ ಬಂದಿದ್ದಾಳೆ, ಅವಳು ಮರಕ್ಕೆ ಕಟ್ಟದೆ ಇರೋಳಲ್ಲ, ಅಂತ ಕತ್ತಲಲ್ಲಿ ನಿಂದಕ್ಕೇ ಕಟ್ಟಿಬಿಟ್ಟೆ.' ಗಂಟಲು ಸರಿಮಾಡಿಕೊಂಡ. 'ಬೆಳಿಗ್ಗೆ ಹೇಳಬೇಕಿತ್ತು. ಇಷ್ಟು ವರ್ಷ ಊರಿಗೆಲ್ಲ ಬುದ್ಧಿ ಹೇಳಿ, ಪಾಯಿಖಾನೆಗೆ ಓಡಿ ದೋಣಿ ಕಳೆದೆ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ನೀನು ಕೀಲಿ ಅದು ಇದು ಅನ್ನೋಕೆ ಶುರುಮಾಡಿದ ಮೇಲಂತೂ... ನನಗೆ ಬೈಯೇ. ನಾಲ್ಕು ಬಾರಿಸು ಬೇಕಾದ್ರೆ.'

ನೆಡ್ರಾಳಿಗೆ ಕೋಪ ಬರಬೇಕಿತ್ತು. ಬಂದದ್ದು ನಗು. ಎಲ್ಲೋ ಹೊಕ್ಕುಳಿನ ಬಳಿ ಎದ್ದು, ಎದೆಗೆ ಏರಿ, ಬಾಯಿ ತಲುಪುವಷ್ಟರಲ್ಲಿ ಅಳುವಾಗಿ, ಮತ್ತೆ ನಗುವಾಗಿ ಬಿದ್ದಿತು. ಅವಳು ದೋಣಿಯ ಅಂಚಿಗೆ ಹಣೆ ಆನಿಸಿಕೊಂಡು ನಕ್ಕಳು. ಇಬ್ಬರು ದೊಡ್ಡ ಮನುಷ್ಯರು, ಇಬ್ಬರೂ ಕಾನೂನು ಬಲ್ಲವರು, ತಮ್ಮ ತಮ್ಮ ದೋಣಿಗಳನ್ನು ಒಂದಕ್ಕೊಂದು ಇಷ್ಟು ಭದ್ರವಾಗಿ ಕಟ್ಟಿ, ನದಿಗೆ ಕೊಟ್ಟು, ನೆಮ್ಮದಿಯಾಗಿ ಮಲಗಿದ್ದರು. ಇದು ರೋಗವಲ್ಲ. ಇದು ದಡ್ಡತನ! ಅಪ್ಪಟವಾದ, ಆರೋಗ್ಯವಂತ ದಡ್ಡತನ, ಅದರಲ್ಲೂ ಅರ್ಧ ಪಾಲು ಬೇರೆಯವರದು. ಒಂದು ಗಂಟು ಡಾಕ್ಟರ ಚೀಟಿಯಲ್ಲ ಎಂದು ಅವಳಿಗೆ ಗೊತ್ತಿತ್ತು. ಅಮ್ಮನ ಮಗಳು ಅವಳು, ಹೆದರಿಕೆ ಇನ್ನೊಂದು ದಿನ ಬಂದು ಬಾಗಿಲು ತಟ್ಟೀತು, ತಟ್ಟಿದರೆ ಹೋಗಿ ತೋರಿಸಿಕೊಂಡರಾಯಿತು. ಸೋಮವಾರ ಕುರಿದೊಡ್ಡಿಯ ತಿರುವಿನಲ್ಲಿ ಕೆಲ್ಬಿ ಮತ್ತು ರೋಯ್ಸ್ ನಿಂತಿರುತ್ತಾರೆ. ಅವಳು ಹೋಗುತ್ತಾಳೆ.

'ವೆರ್ಲ್, ಆ ಹಳದಿ ಹೂ ಬಿಡೋ ಗಿಡಕ್ಕೆ ಏನಂತಾರೋ? ದಾರಿಯಲ್ಲಿತ್ತಲ್ಲ.'

ವೆರ್ಲ್ ಹುಬ್ಬು ಗಂಟಿಕ್ಕಿ ಬಹಳ ಹೊತ್ತು ಯೋಚಿಸಿದ. 'ಏನೋ ಅಂತಾರಪ್ಪ. ಸೀನು ಬರುತ್ತಲ್ಲ, ಅದು.'

'ಹ್ಞಾ, ಅದೇ,' ಎಂದಳು ನೆಡ್ರಾ, ತುಂಬ ಸಂತೋಷದಿಂದ.

ಬಿಸಿಲು ಇಳಿಯುವ ಹೊತ್ತಿಗೆ ಟೆಂಟು, ಡಬ್ಬಿ, ಪೆಟ್ಟಿಗೆಗಳೆಲ್ಲ ಬೆನ್ನ ಮೇಲೆ ಗುಡ್ಡ ದಾಟಿ ಈ ದಡಕ್ಕೆ ಬಂದಿದ್ದವು. ಪಾಯಿಖಾನೆಯ ಪೆಟ್ಟಿಗೆಯನ್ನು, ಅದರ ತೂಕ ಗೊತ್ತಿದ್ದೂ, ವೆರ್ಲ್ ಒಬ್ಬನೇ ಬಾಯಿ ಮುಚ್ಚಿಕೊಂಡು ಹೊತ್ತು ತಂದ. ಐಲೀನ್ ಅವನ ಹಿಂದೆ ಬರುತ್ತ ಮೊಟ್ಟೆಯ ಸಲಾಡಿನ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಹೇಳುತ್ತಿದ್ದಳು. ಗಂಟಿನ ಸಂಗತಿ ಕೇಳಿದ ಟ್ರೂಡಿ ಮಾತ್ರ ನಗಲಿಲ್ಲ. ಹೊರೆ ಕೆಳಗೆ ಹಾಕಿ ನೆಡ್ರಾಳ ಎದುರು ಬಂದು ನಿಂತಳು. ಕಣ್ಣು ಊದಿಕೊಂಡಿತ್ತು. ಅವಳ ಒದ್ದೆ ಜಾಕೆಟನ್ನು ಕಿತ್ತುಕೊಂಡು ಕೊಡವಿ ಕೊಂಬೆಗೆ ಹಾಕಿದಳು. ಕೆಂಪು ದೋಣಿಯಲ್ಲಿ ಕಾಲಿಡುವ ಕಡೆ ಉರುಳಿಕೊಂಡಿದ್ದ ಕಲ್ಲಂಗಡಿ ಗುಡ್ಡವನ್ನು ಪೂರ್ತಿ ಸುತ್ತಿ ಬಂದು ತಣ್ಣಗಾಗಿತ್ತು. ಐಲೀನ್ ಅದನ್ನು ತಂದು ಚಪ್ಪಟೆ ಕಲ್ಲಿನ ಮೇಲಿಟ್ಟಳು.

'ಚಾಕು ಕೊಡೇ, ನೆಡ್ರಾ.'

ನೆಡ್ರಾ ಜೇಬು ಮುಟ್ಟಿ ನೋಡಿಕೊಂಡಳು. ಆಮೇಲೆ ಚೀಲ. ಚಾಕು ಗುಡ್ಡದ ಆ ಕಡೆ, ಕಾಟನ್‌ವುಡ್ ಮರದ ಮೈಯಲ್ಲಿ, ಅವಳು ಚುಚ್ಚಿದ ಕಡೆಯೇ ಇತ್ತು.

'ಮರೆತೆ,' ಎಂದಳು. 'ಮರಕ್ಕೆ ಚುಚ್ಚಿದ್ದೆ. ಅಲ್ಲೇ ಇದೆ.'

ನೆಡ್ರಾ ಟ್ರೂಡಿಯ ಕೈಯನ್ನೇ ನೋಡಿದಳು, ಅದು ಮೇಲೇಳುವುದನ್ನು, ತನ್ನ ಮೊಣಕೈ ಕಡೆ ಬರುವುದನ್ನು ಕಾಯುತ್ತ. ಕೈ ಮೇಲೆದ್ದಿತು. ಎದ್ದು ಗುಡ್ಡದ ಕಡೆ ತಿರುಗಿತು.

'ಮರೆತ್ಯಾ? ಇಬ್ಬರು ಹೆಂಗಸರು ಇಡೀ ಊರನ್ನ ಬೆನ್ನ ಮೇಲೆ ಹೊತ್ಕೊಂಡು ಬಂದಿದ್ದೀವಿ, ಒಂದು ಚಾಕು ತರೋಕಾಗ್ಲಿಲ್ವಾ ನಿನಗೆ? ಹತ್ತು! ಹತ್ತು ಗುಡ್ಡ, ಹೋಗಿ ತಗೊಂಡು ಬಾ! ಬೆಳಗಿಂದ ನಿನ್ನ ಯಾವ ಡಾಕ್ಟರ ಹತ್ರ ಕರ್ಕೊಂಡು ಹೋಗೋದು ಅಂತ ಯೋಚ್ನೆ ಮಾಡಿ ಮಾಡಿ ಅತ್ತು ಸತ್ತಿದ್ದೀನಿ ನಾನು, ಕತ್ತೆ!'

ನೆಡ್ರಾ ಹತ್ತಿದಳು. ಮಂಡಿ ನೋಯುತ್ತಿತ್ತು, ಒದ್ದೆ ಬೂಟು ಕಚಕಚ ಎನ್ನುತ್ತಿತ್ತು, ಮೈ ಹಗುರವಾಗಿತ್ತು. ಅರ್ಧ ಏರಿರಬೇಕು, ಹಳದಿ ಗಿಡದ ಪಕ್ಕ ಬಂದಿದ್ದಳು, ಕೆಳಗೆ ಧಪ್ಪೆಂದು ಸದ್ದಾಯಿತು. ವೆರ್ಲ್ ಕಲ್ಲಂಗಡಿಯನ್ನು ಬಂಡೆಗೆ ಒಡೆದಿದ್ದ. 'ಬಾರೇ ಕೆಳಗೆ!' ಟ್ರೂಡಿ ಕೈ ಬೀಸಿ ಕೂಗಿದಳು. 'ಹಣ್ಣು ಒಡೆದಾಯ್ತು, ಕೋಣ! ಮಣ್ಣು ತುಂಬಿದ ತಲೆಯೋಳೇ!'

ನೆಡ್ರಾ ಕಿವಿಗೆ ಕೈ ಹಿಡಿದಳು. 'ಕೇಳಿಸ್ಲಿಲ್ಲ!' ಎಂದು ಕೂಗಿದಳು. 'ಇನ್ನೊಂದು ಸಲ ಬೈಯಿ!'

ಟ್ರೂಡಿ ಸೊಂಟಕ್ಕೆ ಕೈ ಕೊಟ್ಟು, ಎದೆ ತುಂಬ ಉಸಿರೆಳೆದುಕೊಂಡು, ಮತ್ತೊಮ್ಮೆ ಬೈದಳು. ಬೈಗುಳ ಎದುರಿನ ಕೆಂಪು ಗೋಡೆಗೆ ಹೊಡೆದು ತಿರುಗಿ ಬಂತು. ನೆಡ್ರಾ ಎರಡನ್ನೂ ಪೂರ್ತಿ ಕೇಳಿಸಿಕೊಂಡು ಆಮೇಲೆ ಇಳಿದಳು.